ಕುದುರೆಯ ಗೆಲುವನ್ನು ಅಳೆಯುವುದು ಹೇಗೆ? ಊಟಿ ರೇಸ್‌ನಿಂದ ಸ್ಟೀಪಲ್‌ಚೇಸ್‌ವರೆಗೆ

ಉದಗಮಂಡಲ: 'ಕುದುರೆ ಬಾಲಕ್ಕೆ ದುಡ್ಡು ಕಟ್ಟಿದ' ಎಂದರೆ ನಮ್ಮ ಕಡೆ ಮನೆ ಹಾಳು ಮಾಡಿಕೊಂಡ ಎಂದೇ ಅರ್ಥ. ಆದರೆ ಯಾವ ಕುದುರೆ ಗೆದ್ದೀತು ಎಂದು ಲೆಕ್ಕ ಹಾಕುವುದು ಕೌಶಲ್ಯದ ಕೆಲಸ, ಬರೀ ಅದೃಷ್ಟದ ಆಟವಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ನೀಡಿತು. ಆ ಮೊಕದ್ದಮೆ ಊಟಿಯಲ್ಲಿ ರೇಸ್ ನಡೆಸುತ್ತಿದ್ದ ಮದ್ರಾಸ್ ರೇಸ್ ಕ್ಲಬ್‌ಗೆ ಸಂಬಂಧಿಸಿದ್ದು. ಊರಿನ ಮಾತು ನಿಜವೋ, ಕೋರ್ಟಿನ ಮಾತು ನಿಜವೋ? ಒಂದು ದಿನದ ರೇಸ್ ಪುಸ್ತಕವನ್ನು ಮುಂದಿಟ್ಟುಕೊಂಡು ಕುದುರೆಗಳ ಬಲಾಬಲ ನೋಡುವ ಕ್ರಮ ತಿಳಿದರೆ ಎರಡೂ ನಿಜ ಎಂಬುದು ಗೊತ್ತಾಗುತ್ತದೆ.

ಊಟಿ ಮೈದಾನದ ಕಥೆ

ಊಟಿಯ ರೇಸ್ ಮೈದಾನ ಬ್ರಿಟಿಷರ ಕಾಲದ್ದು. ಕಲೆಕ್ಟರ್ ಜಾನ್ ಸಲಿವನ್ 1820ರ ದಶಕದಲ್ಲಿ ಕಟ್ಟಿಸಿದ ಕೆರೆ ಮೊದಲು ಇಂದಿಗಿಂತ ಬಹಳ ದೊಡ್ಡದಾಗಿತ್ತು. ಕೆರೆ ಹಿಂದೆ ಸರಿದ ಜಾಗದಲ್ಲಿ ಬಸ್ ನಿಲ್ದಾಣ, ರೇಸ್ ಮೈದಾನ ಬಂದವು. ಏಪ್ರಿಲ್‌ನಿಂದ ಜೂನ್‌ವರೆಗಿನ ಬೇಸಿಗೆ ಸೀಸನ್‌ನಲ್ಲಿ ಚೆನ್ನೈ, ಬೆಂಗಳೂರು ಮುಂತಾದ ಕಡೆಗಳಿಂದ ಕುದುರೆಗಳು ಘಾಟಿ ಹತ್ತಿ ಬರುತ್ತಿದ್ದವು. ನೀಲಗಿರಿ ಡರ್ಬಿ ಇಲ್ಲಿನ ದೊಡ್ಡ ರೇಸ್ ಎನಿಸಿತ್ತು.

ಸುಮಾರು 52 ಎಕರೆಯ ಈ ಸರ್ಕಾರಿ ಜಾಗದ ಬಾಡಿಗೆ ಬಾಕಿ 822 ಕೋಟಿ ರೂ. ಎಂದು ತಮಿಳುನಾಡು ಸರ್ಕಾರ ಹೇಳಿತು. 2024ರ ಜುಲೈನಲ್ಲಿ ಜಿಲ್ಲಾಡಳಿತ ಮೈದಾನವನ್ನು ವಶಕ್ಕೆ ತೆಗೆದುಕೊಂಡಿತು. ಊಟಿಯ ಮೈದಾನ ಕ್ಲಬ್‌ನ ಕೈತಪ್ಪಿದರೂ ರೇಸ್ ಹುಚ್ಚು ಜಿಲ್ಲೆ ಬಿಟ್ಟು ಹೋಗಿಲ್ಲ. ಬೆಂಗಳೂರು, ಮೈಸೂರಿನ ಓಟಗಳ ಮೇಲೂ, ಇಂಗ್ಲೆಂಡಿನ ಬೇಲಿ ಹಾರುವ ಓಟಗಳ ಮೇಲೂ ಕಣ್ಣಿಟ್ಟವರು ಇದ್ದಾರೆ. ಹಾಗಾಗಿ ಈ ಲೆಕ್ಕ ತಿಳಿದಿರುವುದು ಒಳ್ಳೆಯದು.

ರೇಸ್ ಪುಸ್ತಕ ಓದುವ ಬಗೆ

ಮೊದಲು ನೋಡಬೇಕಾದದ್ದು ಹಿಂದಿನ ಓಟಗಳ ಸ್ಥಾನ. ಪಟ್ಟಿಯಲ್ಲಿ 5, 3, 2 ಎಂದಿದ್ದರೆ ಕುದುರೆ ಓಟದಿಂದ ಓಟಕ್ಕೆ ಸುಧಾರಿಸಿದೆ ಎಂದು ತೋರುತ್ತದೆ. ಆದರೆ ಸ್ಥಾನವೊಂದೇ ಸಾಲದು. ಗೆದ್ದ ಕುದುರೆಗಿಂತ ಎಷ್ಟು ಹಿಂದೆ ಉಳಿಯಿತು, ಎದುರಾಳಿಗಳು ಯಾರು, ಎಷ್ಟು ದಿನದ ಹಿಂದಿನ ಓಟ ಎಂಬುದೂ ಮುಖ್ಯ. ಒಳ್ಳೆಯ ಗುಂಪಿನಲ್ಲಿ ಒಂದು ಮಾರು ಅಂತರದಲ್ಲಿ ಐದನೆಯದಾದ ಕುದುರೆ, ಬಡಕಲು ಗುಂಪಿನಲ್ಲಿ ಎರಡನೆಯದಾದ ಕುದುರೆಗಿಂತ ಮೇಲಾಗಿರಬಹುದು.

ಎರಡನೆಯದು ತೂಕ. ನಮ್ಮ ದೇಶದ ಹೆಚ್ಚಿನ ರೇಸ್‌ಗಳು ಹ್ಯಾಂಡಿಕ್ಯಾಪ್ ರೇಸ್‌ಗಳು. ಪ್ರತಿ ಕುದುರೆಗೂ ಅದರ ಸಾಧನೆ ನೋಡಿ ರೇಟಿಂಗ್ ಅಂಕ ಕೊಡುತ್ತಾರೆ. ಒಂದು ಅಂಕಕ್ಕೆ ಅರ್ಧ ಕಿಲೋ ಲೆಕ್ಕ. 45 ಅಂಕದ ಕುದುರೆ 35 ಅಂಕದ ಕುದುರೆಗಿಂತ 5 ಕಿಲೋ ಹೆಚ್ಚು ಹೊತ್ತು ಓಡಬೇಕು. ಎಲ್ಲ ಕುದುರೆಗಳೂ ಒಟ್ಟಿಗೇ ಗುರಿ ಮುಟ್ಟಲಿ ಎಂಬುದು ಈ ವ್ಯವಸ್ಥೆಯ ಉದ್ದೇಶ. ಕುದುರೆ ಗೆದ್ದರೆ ರೇಟಿಂಗ್ ಏರುತ್ತದೆ, ಮುಂದಿನ ಸಲ ಭಾರ ಹೆಚ್ಚುತ್ತದೆ. ಆದ್ದರಿಂದ ಕಳೆದ ವಾರ ಗೆದ್ದದ್ದು ಈ ವಾರವೂ ಗೆಲ್ಲುತ್ತದೆ ಎಂದು ಕಣ್ಣು ಮುಚ್ಚಿ ನಂಬುವಂತಿಲ್ಲ. ರೇಟಿಂಗ್ ಇಳಿದು ಕೆಳಗಿನ ವರ್ಗಕ್ಕೆ ಬಂದ ಹಳೆಯ ಗೆಲುವಿನ ಕುದುರೆಯನ್ನು ಅನುಭವಿಗಳು ಗಮನಿಸುವುದು ಇದಕ್ಕಾಗಿಯೇ. ಅನನುಭವಿ ಜಾಕಿಗಳಿಗೆ ತೂಕದಲ್ಲಿ ಸಿಗುವ ರಿಯಾಯಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೂರನೆಯದು ದೂರ ಮತ್ತು ನೆಲ. 1,200 ಮೀಟರ್‌ನಲ್ಲಿ ಮಿಂಚುವ ಕುದುರೆಗೆ 2,000 ಮೀಟರ್‌ನಲ್ಲಿ ಉಸಿರು ಸಾಲದೆ ಹೋಗಬಹುದು. ನೆಲದ ಮೆದುತನವನ್ನು ಪೆನೆಟ್ರೋಮೀಟರ್ ಎಂಬ ಉಪಕರಣದಿಂದ ಅಳೆದು ಪ್ರಕಟಿಸುತ್ತಾರೆ. ಅಂಕಿ ಹೆಚ್ಚಿದಷ್ಟೂ ನೆಲ ಮೆತ್ತಗಿದೆ ಎಂದರ್ಥ. ಊಟಿಯಲ್ಲಿ ಇದು ಇನ್ನೂ ಮುಖ್ಯವಾಗಿತ್ತು. ಮೇ ತಿಂಗಳ ಒಂದು ಸಂಜೆಯ ಮಳೆ ಮರುದಿನದ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಬಲ್ಲದು. ಜೊತೆಗೆ ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಇಲ್ಲಿನ ತೆಳು ಗಾಳಿಗೆ ಒಗ್ಗದ ಕುದುರೆ ಕೊನೆಯ 200 ಮೀಟರ್‌ನಲ್ಲಿ ಕೈಕೊಡಬಹುದು. ಅದಕ್ಕೇ ಚೆನ್ನೈನ ಸಾಧನೆಗಿಂತ ಊಟಿಯಲ್ಲೇ ಓಡಿದ ದಾಖಲೆಗೆ ಹೆಚ್ಚು ಬೆಲೆ.

ನಾಲ್ಕನೆಯದು ಆರಂಭದ ಗೇಟ್ ಸಂಖ್ಯೆ. ತಿರುವು ಬೇಗ ಬರುವ ಓಟದಲ್ಲಿ ಒಳಬದಿಯ ಗೇಟಿನ ಕುದುರೆ ಕಡಿಮೆ ದೂರ ಓಡುತ್ತದೆ. ಹೊರಬದಿಯದು ಸುತ್ತು ಹೆಚ್ಚು ಹಾಕಬೇಕಾಗುತ್ತದೆ.

ಐದನೆಯದು ಬೆಳಗಿನ ಅಭ್ಯಾಸದ ವರದಿ, ಟ್ರೈನರ್, ಜಾಕಿ. ಒಂದೇ ಟ್ರೈನರ್‌ನ ಎರಡು ಕುದುರೆಗಳಿದ್ದರೆ ಹೆಸರಾಂತ ಜಾಕಿ ಯಾವುದನ್ನು ಏರಿದ್ದಾನೆ ಎಂದು ನೋಡುವುದು ರೂಢಿ. ಕೊನೆಗೆ ಪ್ಯಾಡಕ್‌ನಲ್ಲಿ ಕುದುರೆಯ ನಡಿಗೆ, ಮೈ ಹೊಳಪು ನೋಡಬೇಕು. ಓಡುವ ಮೊದಲೇ ಬೆವರಿ ನೊರೆ ಕಾರುತ್ತಿದ್ದರೆ ಶಕ್ತಿ ಅಲ್ಲೇ ಸೋರಿದೆ ಎಂದು ತಿಳಿಯಬಹುದು.

ಬೇಲಿ ಹಾರುವ ಓಟದ ಲೆಕ್ಕವೇ ಬೇರೆ

ಊಟಿಯಲ್ಲಿ ರೇಸ್ ಕ್ಲಬ್ ನಡೆಸುತ್ತಿದ್ದುದು ಸಮತಟ್ಟು ನೆಲದ ಫ್ಲಾಟ್ ರೇಸ್. ಬೇಲಿ, ಹಳ್ಳ ಹಾರುತ್ತಾ ಓಡುವುದು ಸ್ಟೀಪಲ್‌ಚೇಸ್. ಇದು ಹುಟ್ಟಿದ್ದು ಬೇಟೆಯ ಸವಾರಿಯಿಂದ. 1752ರಲ್ಲಿ ಐರ್ಲೆಂಡಿನಲ್ಲಿ ಇಬ್ಬರು ಸವಾರರು ಬಟ್ಟಿವಂಟ್ ಎಂಬ ಊರಿನ ಚರ್ಚ್ ಗೋಪುರದಿಂದ ಡೊನೆರೈಲ್‌ನ ಗೋಪುರದವರೆಗೆ ಹೊಲ, ಬೇಲಿ ದಾಟಿ ಪಂದ್ಯ ಕಟ್ಟಿ ಓಡಿದ್ದು ಇದರ ಮೂಲ ಎನ್ನುತ್ತಾರೆ. ಗೋಪುರಕ್ಕೆ ಇಂಗ್ಲಿಷ್‌ನಲ್ಲಿ ಸ್ಟೀಪಲ್ ಎನ್ನುವುದರಿಂದ ಈ ಹೆಸರು ಬಂತು. ನೀಲಗಿರಿಗೂ ಬೇಟೆಯ ಸವಾರಿ ಹೊಸದಲ್ಲ. ವೆನ್‌ಲಾಕ್ ಡೌನ್ಸ್ ಹುಲ್ಲುಗಾವಲಿನಲ್ಲಿ ಊಟಿ ಹಂಟ್‌ನ ಸವಾರರು ನಾಯಿಗಳ ಹಿಂಡಿನೊಂದಿಗೆ ನರಿಯ ಬೆನ್ನಟ್ಟುತ್ತಿದ್ದರು. ಕಲ್ಕತ್ತಾದ ಟಾಲಿಗಂಜ್‌ನಲ್ಲಿ ಹಿಂದೆ ಸ್ಟೀಪಲ್‌ಚೇಸ್ ಕೂಡ ನಡೆಯುತ್ತಿತ್ತು. ಈಗ ಈ ಓಟದ ಮುಖ್ಯ ನೆಲೆ ಇಂಗ್ಲೆಂಡ್, ಐರ್ಲೆಂಡ್ ಮತ್ತು ಫ್ರಾನ್ಸ್.

ಬ್ರಿಟನ್ನಿನಲ್ಲಿ ಇಂಥ ಓಟದ ದೂರ ಸಾಮಾನ್ಯವಾಗಿ 3.2 ಕಿ.ಮೀ.ಗೆ ಕಡಿಮೆ ಇರುವುದಿಲ್ಲ. ಲಿವರ್‌ಪೂಲ್ ಬಳಿಯ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ಸುಮಾರು 6.9 ಕಿ.ಮೀ., ಹಾರಬೇಕಾದದ್ದು 30 ಬೇಲಿ. ಹೆಚ್ಚು ತೂಕದ ಕುದುರೆ 75 ಕಿಲೋ ಹೊತ್ತಿರುತ್ತದೆ. ಗೇಟ್ ಇಲ್ಲ, ಟೇಪಿನ ಹಿಂದೆ ನಿಂತು ಹೊರಡುವುದರಿಂದ ಗೇಟ್ ಸಂಖ್ಯೆಯ ಲೆಕ್ಕವೂ ಇಲ್ಲ. ವೇಗಕ್ಕಿಂತ ದಮ್ಮು, ದಮ್ಮಿಗಿಂತ ಹಾರುವ ಚಾಕಚಕ್ಯತೆ ದೊಡ್ಡದು.

ಅಲ್ಲಿನ ಪಟ್ಟಿಯಲ್ಲಿ ಸ್ಥಾನದ ಅಂಕಿಗಳ ನಡುವೆ ಅಕ್ಷರಗಳೂ ಬರುತ್ತವೆ. 'ಎಫ್' ಎಂದರೆ ಕುದುರೆ ಬಿದ್ದದ್ದು, 'ಯು' ಎಂದರೆ ಸವಾರ ಉರುಳಿದ್ದು, 'ಬಿ' ಎಂದರೆ ಬೇರೆ ಕುದುರೆಗೆ ಸಿಕ್ಕಿ ಬಿದ್ದದ್ದು, 'ಆರ್' ಎಂದರೆ ಬೇಲಿಯ ಮುಂದೆ ಹಟ ಹಿಡಿದು ನಿಂತದ್ದು, 'ಪಿ' ಎಂದರೆ ಸವಾರನೇ ಅರ್ಧದಲ್ಲಿ ನಿಲ್ಲಿಸಿದ್ದು. 'ಬಿ' ಕುದುರೆಯ ತಪ್ಪಲ್ಲ. 'ಎಫ್' ಮತ್ತೆ ಮತ್ತೆ ಬಂದರೆ ಅದು ಎಚ್ಚರಿಕೆಯ ಗಂಟೆ.

ಆದ್ದರಿಂದ ಇಲ್ಲಿ ಎರಡು ಪ್ರಶ್ನೆ ಕೇಳಬೇಕು. ಕುದುರೆ ಬೀಳದೆ ಓಟ ಮುಗಿಸುವ ಸಾಧ್ಯತೆ ಎಷ್ಟು? ಮುಗಿಸಿದರೆ ಗೆಲ್ಲುವ ಸಾಧ್ಯತೆ ಎಷ್ಟು? ಹತ್ತು ಓಟದಲ್ಲಿ ಎಂಟನ್ನು ಮುಗಿಸಿದ ಕುದುರೆಗೆ ಮೊದಲನೆಯದು ಶೇ. 80. ಮುಗಿಸಿದರೆ ಗೆಲ್ಲುವುದು ಶೇ. 30 ಎಂದು ತೋರಿದರೆ ಒಟ್ಟು ಸಾಧ್ಯತೆ ಶೇ. 24 ಮಾತ್ರ. ಬೀಳುವ ಭಯವನ್ನು ಮರೆತವನು ಶೇ. 30 ಎಂದೇ ನಂಬಿ ಕೂರುತ್ತಾನೆ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಕೆಲವೊಮ್ಮೆ ಏನೂ ನಡೆಯುವುದಿಲ್ಲ. 1967ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ 23ನೇ ಬೇಲಿಯ ಬಳಿ ಮುಂದಿದ್ದ ಕುದುರೆಗಳೆಲ್ಲ ಒಂದರ ಮೇಲೊಂದು ಬಿದ್ದು, ನಿಂತು ದಾರಿ ಕಟ್ಟಿತು. ಬಹಳ ಹಿಂದೆ ಬರುತ್ತಿದ್ದ ಫೋಯ್ನಾವನ್ ಸಂದಿಯಲ್ಲಿ ನುಗ್ಗಿ, ಒಂದಕ್ಕೆ ನೂರರ ದರದಲ್ಲಿ ಗೆದ್ದಿತು. ಆ ಬೇಲಿಗೆ ಈಗ ಅದರದೇ ಹೆಸರು. ಗುಂಪು ದೊಡ್ಡದಾದಷ್ಟೂ ಅಪಾಯ ಹೆಚ್ಚು ಎಂಬ ಕಾರಣಕ್ಕೆ 2024ರಿಂದ ಈ ಓಟದ ಕುದುರೆಗಳ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಲಾಗಿದೆ.

ದರದೊಳಗಿನ ಗುಟ್ಟು

ಯಾವ ಕುದುರೆ ಬಲಿಷ್ಠ ಎಂದು ತಿಳಿಯುವುದು ಒಂದು, ಅದರ ಮೇಲೆ ಹಣ ಕಟ್ಟಿದರೆ ಲಾಭವೇ ಎಂದು ತಿಳಿಯುವುದು ಇನ್ನೊಂದು. ಹೆಚ್ಚಿನವರು ಮೋಸ ಹೋಗುವುದು ಇಲ್ಲಿಯೇ.

ಬುಕ್ಕಿ ಹೇಳುವ ದರವನ್ನು ಶೇಕಡಾವಾರಿಗೆ ಬದಲಿಸುವುದು ಸುಲಭ. 'ಎರಡಕ್ಕೆ ಒಂದು' ಎಂದರೆ 100 ರೂ. ಕಟ್ಟಿದವನಿಗೆ ಗೆದ್ದಾಗ 200 ರೂ. ಲಾಭ, ಕಟ್ಟಿದ 100 ರೂ. ವಾಪಸ್. ಅಂದರೆ ಮೂರರಲ್ಲಿ ಒಂದು ಸಲ, ಶೇ. 33. ಐದು ಕುದುರೆಗಳ ಒಂದು ಓಟವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅವುಗಳ ದರ ಕ್ರಮವಾಗಿ 6/4, 2/1, 4/1, 5/1, 9/1. ಶೇಕಡಾವಾರು 40, 33.3, 20, 16.7, 10. ಕೂಡಿದರೆ 120. ಗೆಲ್ಲುವುದು ಒಂದೇ ಕುದುರೆಯಾದ್ದರಿಂದ ಮೊತ್ತ 100 ಆಗಬೇಕಿತ್ತು. ಹೆಚ್ಚಿಗೆ ಇರುವ 20 ಬುಕ್ಕಿಯ ಪಾಲು. ಐದೂ ಕುದುರೆಗಳ ಮೇಲೆ ಈ ಪ್ರಮಾಣದಲ್ಲಿ ಒಟ್ಟು 120 ರೂ. ಕಟ್ಟಿದರೆ ಯಾವುದು ಗೆದ್ದರೂ ಕೈಗೆ ಬರುವುದು 100 ರೂ. ಮಾತ್ರ.

ಇದರ ಮೇಲೆ ತೆರಿಗೆ ಇದೆ. 2023ರ ಅಕ್ಟೋಬರ್‌ನಿಂದ ಬೆಟ್ಟಿನ ಪೂರ್ತಿ ಮೊತ್ತದ ಮೇಲೆ ಶೇ. 28 ಇದ್ದ ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ಶೇ. 40 ಆಗಿದೆ. 100 ರೂ. ಬೆಟ್ಟಿಗೆ 40 ರೂ. ತೆರಿಗೆ ಸೇರಿಸಿ 140 ರೂ. ಕೊಟ್ಟವನಿಗೆ 'ಎರಡಕ್ಕೆ ಒಂದು' ದರದಲ್ಲಿ ಬರುವುದು 300 ರೂ. ಅಸಲಿಗೆ ಅಸಲು ಆಗಬೇಕಾದರೂ ಆ ದರದ ಕುದುರೆಗಳು ನೂರಕ್ಕೆ 47 ಸಲ ಗೆಲ್ಲಬೇಕು. ತೆರಿಗೆ ಇಲ್ಲದಿದ್ದರೆ 33 ಸಾಕಿತ್ತು. ಜಗತ್ತಿನ ಹೆಚ್ಚಿನ ಕಡೆ ಜನರ ಮೆಚ್ಚಿನ ಕುದುರೆ, ಅಂದರೆ ಫೇವರಿಟ್ ಗೆಲ್ಲುವುದೇ ಸುಮಾರು ಮೂರರಲ್ಲಿ ಒಂದು ಸಲ. ತೆರಿಗೆ ತಪ್ಪಿಸಲು ಕಳ್ಳ ಬುಕ್ಕಿಯ ಬಳಿ ಹೋದರೆ ಅದು ಅಪರಾಧ, ಗೆದ್ದ ಹಣ ಕೈ ಸೇರುತ್ತದೆ ಎಂಬ ಭರವಸೆಯೂ ಇಲ್ಲ.

ದೊಡ್ಡ ದರದ ಕುದುರೆಯ ಆಸೆ ಇನ್ನೂ ದುಬಾರಿ. ಗೆಲ್ಲುವ ಸಾಧ್ಯತೆ ಕಡಿಮೆ ಇರುವ ಕುದುರೆಗಳ ಮೇಲೆ ಜನ ಅಗತ್ಯಕ್ಕಿಂತ ಹೆಚ್ಚು ಹಣ ಸುರಿಯುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರಿಫಿತ್ 1949ರಲ್ಲೇ ಅಂಕಿಗಳೊಂದಿಗೆ ತೋರಿಸಿದ್ದ. ಜಾಕ್‌ಪಾಟ್‌ನ ಸೆಳೆತವೂ ಇದೇ ಜಾತಿಯದು.

ಕೋರ್ಟ್ ಹೇಳಿದ್ದು, ಹೇಳದ್ದು

ತಮಿಳುನಾಡು ಸರ್ಕಾರ 1974ರಲ್ಲಿ ರೇಸ್ ನಿಲ್ಲಿಸಲು ಕಾನೂನು ತಂದಿತ್ತು. 1986ರಲ್ಲಿ ಮದ್ರಾಸ್ ರೇಸ್ ಕ್ಲಬ್ಬನ್ನೇ ವಹಿಸಿಕೊಳ್ಳಲು ಇನ್ನೊಂದು ಕಾನೂನು ಮಾಡಿತು. ಲಕ್ಷ್ಮಣನ್ ಮೊಕದ್ದಮೆ ಎಂದು ಹೆಸರಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಜನವರಿ 12ರಂದು 1986ರ ಕಾನೂನನ್ನು ರದ್ದುಪಡಿಸಿತು. ಕುದುರೆಯ ತಳಿ, ತರಬೇತಿ, ಜಾಕಿಯ ಸಾಮರ್ಥ್ಯ, ಹಿಂದಿನ ದಾಖಲೆ ಇವನ್ನೆಲ್ಲ ತಿಳಿದು ಅಂದಾಜು ಮಾಡಬಹುದಾದ್ದರಿಂದ ರೇಸ್ ಮುಖ್ಯವಾಗಿ ಕೌಶಲ್ಯದ ಆಟ ಎಂದಿತು. ಕೌಶಲ್ಯ ಇದ್ದವರಿಗೆಲ್ಲ ಲಾಭ ಸಿಗುತ್ತದೆ ಎಂದು ಮಾತ್ರ ಹೇಳಲಿಲ್ಲ. ತಿಳಿವಳಿಕೆ ಎಷ್ಟೇ ಇದ್ದರೂ ಅದು ಬುಕ್ಕಿಯ ಪಾಲು ಮತ್ತು ತೆರಿಗೆ ಎರಡನ್ನೂ ದಾಟಿ ಹೋಗಬೇಕು. ಅಂಥವರು ಬೆರಳೆಣಿಕೆಯಷ್ಟು ಮಂದಿ.

ತನ್ನ ಅಂದಾಜು ಎಷ್ಟು ಸರಿ ಎಂದು ತಿಳಿಯಬೇಕಾದವರಿಗೆ ಖರ್ಚಿಲ್ಲದ ದಾರಿಯೊಂದಿದೆ. ದರ ನೋಡುವ ಮೊದಲೇ ಪ್ರತಿ ಕುದುರೆಗೂ ಶೇಕಡಾವಾರು ಬರೆದಿಡಿ. ಮೊತ್ತ 100 ಆಗಲಿ. ಒಂದು ನೋಟ್‌ಬುಕ್‌ನಲ್ಲಿ ನೂರು ಓಟ ಹೀಗೆ ಬರೆಯಿರಿ. ಶೇ. 30 ಎಂದು ಬರೆದ ಕುದುರೆಗಳು ನಿಜವಾಗಿಯೂ ನೂರಕ್ಕೆ ಮೂವತ್ತರಂತೆ ಗೆದ್ದವೇ ನೋಡಿ. ಕಾಗದದ ಮೇಲೆ ಸೋತರೆ ಹೋಗುವುದು ಪೆನ್ನಿನ ಶಾಯಿ ಮಾತ್ರ. ಚಹಾ ತೋಟದ ವಾರದ ಕೂಲಿಯನ್ನೋ, ಕ್ಯಾರೆಟ್ ಮಾರಿ ಬಂದ ಹಣವನ್ನೋ ಕಟ್ಟಿ ಸೋತರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ.