ಜಕ್ಕಿಯಬ್ಬೆ: ಮರೆಗೆ ಸರಿದ ಒಂದು ಹೆಸರು

ಶಾಸನಗಳನ್ನು ಓದುವವರಿಗೆ ಜಕ್ಕಿಯಬ್ಬೆ ಎಂಬ ಹೆಸರು ಅಪರಿಚಿತವೇನಲ್ಲ. ತರಗತಿಯ ಹಾಜರಿ ಪುಸ್ತಕದಲ್ಲಿ ಮಾತ್ರ ನಾನು ಅದನ್ನು ಒಮ್ಮೆಯೂ ಕಂಡಿಲ್ಲ. ಪದ್ಮಾವತಿ ಎಂಬ ಹೆಸರು ಮನೆಮನೆಯಲ್ಲಿ ಉಳಿದಿದೆ. ಪದ್ಮಾವತಿಯೂ ಒಬ್ಬ ಜಕ್ಕಿಯೆಂಬ ನೆನಪು ಅಳಿದಿದೆ.

ಸಂಸ್ಕೃತದ ಯಕ್ಷೀ ಪ್ರಾಕೃತದಲ್ಲಿ ಜಕ್ಖೀ ಆಗಿ, ಕನ್ನಡದಲ್ಲಿ ಮಹಾಪ್ರಾಣವನ್ನು ಕಳೆದುಕೊಂಡು ಜಕ್ಕಿಯಾಯಿತು. (ಜಕ್ಕವಕ್ಕಿಯ ಜಕ್ಕ ಬೇರೆ; ಅದು ಚಕ್ರವಾಕದಿಂದ ಬಂದದ್ದು. ವಿದ್ಯಾರ್ಥಿಗಳು ಇಲ್ಲಿ ಎಡವುವುದುಂಟು.) ಇದಕ್ಕೆ ತಾಯಿ ಎಂಬರ್ಥದ ಅಚ್ಚಗನ್ನಡದ ಅಬ್ಬೆ ಸೇರಿದೆ. ಜೈನರಲ್ಲಿ ಯಕ್ಷಿ ತೀರ್ಥಂಕರನ ಶಾಸನದೇವತೆ. ಅವಳು ಮೋಕ್ಷವನ್ನು ಕೊಡಳು, ಆದರೆ ಕಾಯುವಳು. ಮಗಳಿಗೆ ಈ ಹೆಸರಿಟ್ಟವರು ಬಯಸಿದ್ದು ಆ ಕಾಪನ್ನೇ ಇರಬೇಕು. ರನ್ನನ ಇಬ್ಬರು ಮಡದಿಯರಲ್ಲಿ ಒಬ್ಬಳ ಹೆಸರು ಜಕ್ಕಿ.

ಈ ಹೆಸರಿಗೆ ಹೆಚ್ಚಿನ ತೂಕ ತಂದವಳು ನಾಗರಖಂಡದ ಜಕ್ಕಿಯಬ್ಬೆ. 10ನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ನಾಗರಖಂಡ 70ರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಪದವಿ ಅವನ ಹೆಂಡತಿಯಾದ ಇವಳಿಗೆ ಬಂದಿತು. ಶಾಸನವು ಇವಳ ಪತಿಭಕ್ತಿಯನ್ನು ಹೊಗಳಿ ಸುಮ್ಮನಾಗುವುದಿಲ್ಲ. ಆಡಳಿತದ ಸಾಮರ್ಥ್ಯವನ್ನೂ ಪರಾಕ್ರಮವನ್ನೂ ಜಿನಶಾಸನದ ಮೇಲಿನ ನಿಷ್ಠೆಯನ್ನೂ ಎತ್ತಿ ಹೇಳುತ್ತದೆ. ಕಡೆಗೆ ವ್ಯಾಧಿ ಮೇಲೇರಿದಾಗ ಮಗಳನ್ನು ಕರೆಸಿ ಹೊಣೆಯನ್ನು ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನದಿಂದ ದೇಹವನ್ನು ತ್ಯಜಿಸಿದಳು. ಇಂದಿನ ಶಿಕಾರಿಪುರ ತಾಲೂಕಿನ ಬಂದಳಿಕೆಯೇ ಆ ಸ್ಥಳ. ಗಂಡನ ಅಧಿಕಾರ ಹೆಂಡತಿಗೆ ಬಂದುದಕ್ಕಿಂತಲೂ ಅವಳು ಕೊನೆಗಾಲದಲ್ಲಿ ಮಗಳನ್ನು ಕರೆಸಿದ ಸಂಗತಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸುತ್ತದೆ. ನಮ್ಮ ಚರಿತ್ರೆಕಾರರು ಅದನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ.

ಇಂಥ ಹೆಸರು ಏಕೆ ವಿರಳವಾಯಿತು? ಅಬ್ಬೆ ಅವ್ವೆಯಾಗಿ ಅವ್ವ ಆದಂತೆ ಜಕ್ಕಿಯಬ್ಬೆ ಜಕ್ಕವ್ವಳಾದಳು. ಉತ್ತರ ಕರ್ನಾಟಕದ ಹಿರಿಯ ತಲೆಮಾರಿನಲ್ಲಿ ಈ ರೂಪ ಅಲ್ಲಲ್ಲಿ ಕೇಳಿಬರುತ್ತದೆ. ಆದರೆ ಅದೇ ಮೂಲದ ಜಕ್ಕಿಣಿ ಜನರ ಬಾಯಲ್ಲಿ ಹೆಣ್ಣುದೆವ್ವವಾಯಿತು, ಸತ್ತ ಮುತ್ತೈದೆಯ ಕಾಡುವ ಆತ್ಮವಾಯಿತು. ಕಾಯುವವಳೇ ಕಾಡುವವಳಾದ ಮೇಲೆ ತೊಟ್ಟಿಲಲ್ಲಿ ಆ ಹೆಸರನ್ನು ಕೂಗಲು ತಾಯಂದಿರು ಹಿಂಜರಿದರೆಂಬುದು ನನ್ನ ಊಹೆ. ಸಂಸ್ಕೃತದ ಹೆಸರುಗಳ ಮೇಲಿನ ಮೋಹವೂ ಒಂದು ಕಾರಣವೇ. ಆದರೆ ಅದೊಂದರಿಂದಲೇ ಇದು ವಿವರಣೆಗೆ ಸಿಗದು.

ಶ್ರವಣಬೆಳಗೊಳಕ್ಕೆ ಹೋದವರು ಊರೊಳಗಿನ ಜಕ್ಕಿಕಟ್ಟೆಯನ್ನು ನೋಡಿ ಬರಬಹುದು. ಅದನ್ನು ಕಟ್ಟಿಸಿದವಳು ಹೊಯ್ಸಳ ದಂಡನಾಯಕ ಗಂಗರಾಜನ ಅತ್ತಿಗೆ ಜಕ್ಕಿಮವ್ವೆ.