ಹುಲ್ಲುಗಾವಲಿನ ತರಗು: ಕೊಳೆಯುವಿಕೆಯ ಅಧ್ಯಯನದ ಇತಿಹಾಸ

ಹುಲ್ಲುಗಾವಲಿನ ಒಣಗರಿ, ಕಡ್ಡಿ, ಸತ್ತ ಬೇರುಗಳು ಕೊಳೆತು ಇಂಗಾಲ ಗಾಳಿಗೂ ಪೋಷಕಾಂಶಗಳು ಮಣ್ಣಿಗೂ ಮರಳುತ್ತವೆ. ಕಾಡಿನ ಎಲೆ ಉದುರಿ ನೆಲ ಸೇರಿದರೆ, ಹುಲ್ಲು ಸತ್ತ ಮೇಲೂ ತಿಂಗಳುಗಟ್ಟಲೆ ಬಿಸಿಲಿಗೆ ಮೈಯೊಡ್ಡಿ ನಿಂತೇ ಇರುತ್ತದೆ. ಈ ವ್ಯತ್ಯಾಸದ ಮಹತ್ವ ವಿಜ್ಞಾನಿಗಳಿಗೆ ಮನವರಿಕೆಯಾಗಲು ಬಹುಕಾಲ ಹಿಡಿಯಿತು.

ಆರಂಭದ ಗಮನಾರ್ಹ ಕೃತಿ ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಎರೆಹುಳುಗಳ ಬಗ್ಗೆ ಪ್ರಕಟಿಸಿದ ಪುಸ್ತಕ. ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ಹರಡಿದ್ದ ಸುಣ್ಣ ಮತ್ತು ಕಲ್ಲಿದ್ದಲ ಕಿಟ್ಟ ವರ್ಷಗಳು ಕಳೆದಂತೆ ಎರೆಹುಳುಗಳ ಹಿಕ್ಕೆಯಡಿ ಹುದುಗಿಹೋಗುವುದನ್ನು ಅವರು ಅದರಲ್ಲಿ ವಿವರಿಸಿದರು. ಅಳತೆಯ ವಿಧಾನಗಳು ಮಾತ್ರ ಕಾಡಿನಿಂದ ಬಂದವು. 1957ರಲ್ಲಿ ಬೊಕಾಕ್ ಮತ್ತು ಗಿಲ್ಬರ್ಟ್ ಎಲೆಗಳನ್ನು ಬಲೆಚೀಲದಲ್ಲಿ ತುಂಬಿ ನೆಲದ ಮೇಲಿಟ್ಟು, ಕಾಲಕಾಲಕ್ಕೆ ತೂಗುವ ಕ್ರಮವನ್ನು ರೂಢಿಗೆ ತಂದರು. ಉಳಿದ ತರಗಿನಲ್ಲಿ ನಿಶ್ಚಿತ ಪಾಲು ಪ್ರತಿವರ್ಷ ಕರಗುತ್ತದೆ ಎಂಬ ಸರಳ ಸೂತ್ರವನ್ನು ಜೆರ್ರಿ ಓಲ್ಸನ್ 1963ರಲ್ಲಿ ಮುಂದಿಟ್ಟರು. ಸೂತ್ರ ಉಪಯುಕ್ತವೇ, ಆದರೆ ವರ್ಷಕ್ಕೊಂದೇ ಅಂಕಿ ಕೊಡುವ ಲೆಕ್ಕದಲ್ಲಿ ಮಳೆಗಾಲ, ಬೇಸಿಗೆಗಳ ಅಂತರ ಅಳಿಸಿಹೋಗುತ್ತದೆ.

ಋತುಮಾನದ ಪಾತ್ರವನ್ನು ಸ್ಪಷ್ಟವಾಗಿ ತೋರಿಸಿದವರಲ್ಲಿ ಕೀನ್ಯಾದಲ್ಲಿ ಕೆಲಸ ಮಾಡುತ್ತಿದ್ದ ಎಚ್. ಎಫ್. ಬರ್ಚ್ ಮುಖ್ಯರು. ಒಣಗಿದ ಮಣ್ಣು ನೆನೆದೊಡನೆ ಸೂಕ್ಷ್ಮಜೀವಿಗಳು ಚುರುಕಾಗಿ, ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕ ಒಮ್ಮೆಲೇ ಬಿಡುಗಡೆಯಾಗುವುದನ್ನು ಅವರು 1958ರಲ್ಲಿ ವಿವರಿಸಿದರು. ಇದು ಇಂದಿಗೂ ಬರ್ಚ್ ಪರಿಣಾಮವೆಂದೇ ಪ್ರಸಿದ್ಧ.

ಹುಲ್ಲುಗಾವಲು ಸ್ವತಂತ್ರ ಅಧ್ಯಯನದ ವಸ್ತುವಾದದ್ದು 1964ರಿಂದ 1974ರವರೆಗೆ ನಡೆದ ಅಂತಾರಾಷ್ಟ್ರೀಯ ಜೈವಿಕ ಕಾರ್ಯಕ್ರಮದ ಕಾಲದಲ್ಲಿ. ಅಮೆರಿಕದ ಪಾನೀ, ಕೆನಡಾದ ಮೆಟಡಾರ್‌ಗಳಲ್ಲಿ ದೀರ್ಘ ಅಳತೆಗಳು ನಡೆದವು. ಭಾರತದ ಕುರುಕ್ಷೇತ್ರದಲ್ಲಿ ಜೆ. ಎಸ್. ಸಿಂಗ್ ಮತ್ತು ಪಿ. ಎಸ್. ಯಾದವ ಹಸಿರು ಹುಲ್ಲು, ನಿಂತ ಒಣಹುಲ್ಲು, ನೆಲದ ತರಗು, ಬೇರು ಇವುಗಳನ್ನು ಬೇರೆಬೇರೆಯಾಗಿ ತೂಗಿ, 1974ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ವಿಂಗಡಣೆಯೇ ದೊಡ್ಡ ಹೆಜ್ಜೆ. ಮಾನ್ಸೂನ್ ನಾಡಿನಲ್ಲಿ ಮಳೆಗಾಲದಲ್ಲಿ ಬೆಳೆದ ಹುಲ್ಲು ಚಳಿಗಾಲದಲ್ಲಿ ನಿಂತಲ್ಲೇ ಒಣಗಿ, ಬೇಸಿಗೆಯಲ್ಲಿ ಮುರಿದು ಬಿದ್ದು, ಮುಂದಿನ ಮಳೆಯ ತೇವಕ್ಕೆ ಬೇಗ ಕೊಳೆಯುತ್ತದೆ. ಶೀತಪ್ರದೇಶದಲ್ಲಿ ವಸಂತದ ಹಿಮಗರಗು ತೇವ ಒದಗಿಸುತ್ತದೆ.

ಹವಾಮಾನ ಮತ್ತು ತರಗಿನಲ್ಲಿನ ಲಿಗ್ನಿನ್ (ಸಸ್ಯಕ್ಕೆ ಗಡಸುತನ ಕೊಡುವ ವಸ್ತು) ಅಂಶದಿಂದ ಕೊಳೆಯುವ ವೇಗವನ್ನು ಅಂದಾಜಿಸಬಹುದೆಂದು 1978ರಲ್ಲಿ ಮೀಂಟೆಮೇಯರ್ ತೋರಿಸಿದರು. ಆದರೆ ಒಣ ಹುಲ್ಲುಗಾವಲುಗಳಲ್ಲಿ ತರಗು ಇಂಥ ಲೆಕ್ಕಗಳನ್ನು ಮೀರಿ ಬೇಗ ಕರಗುತ್ತಿತ್ತು. ಇದರ ಒಂದು ಕಾರಣ 2006ರಲ್ಲಿ ಅರ್ಜೆಂಟೀನಾದ ಪ್ಯಾಟಗೋನಿಯಾದಿಂದ ಬಂತು. ಏಮಿ ಆಸ್ಟಿನ್ ಮತ್ತು ಲೂಸಿಯಾ ವಿವಾಂಕೊ ಅಲ್ಲಿ ತರಗಿಗೆ ಸೂರ್ಯನ ವಿಕಿರಣ ತಾಗದಂತೆ ತಡೆದಾಗ ವಿಘಟನೆ ಶೇ. 60ರಷ್ಟು ಕುಗ್ಗಿತು. ಬಿಸಿಲು ಲಿಗ್ನಿನ್ನನ್ನು ಸಡಿಲಗೊಳಿಸಿ ಸೂಕ್ಷ್ಮಜೀವಿಗಳ ಕೆಲಸವನ್ನು ಸುಲಭ ಮಾಡುತ್ತದೆಂಬುದು ಮುಂದಿನ ಸಂಶೋಧನೆಯಲ್ಲಿ ಕಂಡಿತು. ಹಾಗಾಗಿ ವ್ಯರ್ಥಕಾಲವೆಂದು ಎಣಿಸಿದ್ದ ಬೇಸಿಗೆ ಮಳೆಗಾಲದ ಕೊಳೆಯುವಿಕೆಗೆ ಸಿದ್ಧತೆಯೂ ಹೌದು. ನಮೀಬ್ ಮರುಭೂಮಿಯಲ್ಲಿ ನಿಂತ ಒಣಹುಲ್ಲಿನ ಮೇಲಿನ ಶಿಲೀಂಧ್ರಗಳು ರಾತ್ರಿಯ ಇಬ್ಬನಿ, ಮಂಜಿನ ತೇವದಲ್ಲೇ ಚಟುವಟಿಕೆಯಿಂದಿರುವುದೂ ತಿಳಿದುಬಂದಿದೆ.

ಬೇರುಗಳ ಅಧ್ಯಯನ ಇನ್ನೂ ಹಿಂದುಳಿದಿದೆ. ಹುಲ್ಲು ತಯಾರಿಸಿದ ಜೀವರಾಶಿಯ ಬಹುಪಾಲು ಹಲವೆಡೆ ನೆಲದಡಿಯಲ್ಲೇ ಇದ್ದು, ಬಿಸಿಲು ತಾಗದ ಅಲ್ಲಿ ಕೊಳೆಯುವಿಕೆ ಮಣ್ಣಿನ ತೇವ, ಉಷ್ಣತೆಗಳನ್ನೇ ಹೆಚ್ಚಾಗಿ ಅವಲಂಬಿಸುತ್ತದೆ.