ಸ್ಟಾಕ್ ಕಾರ್ ರೇಸಿಂಗ್: ಕರಗಿದ ಪ್ರೇಕ್ಷಕರು, ಬೆಳೆದ ಹಣದ ಗಂಟು

ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್ ವಿಚಿತ್ರ ಸ್ಥಿತಿಯೊಂದನ್ನು ಎದುರಿಸುತ್ತಿದೆ. ಈ ಕ್ರೀಡೆಯ ಪ್ರಮುಖ ಸ್ಪರ್ಧೆಯಾದ ಡೇಟೋನಾ 500 ಅನ್ನು 2006ರಲ್ಲಿ ಟಿವಿಯಲ್ಲಿ ಸರಾಸರಿ 1.9 ಕೋಟಿಗೂ ಹೆಚ್ಚು ಮಂದಿ ವೀಕ್ಷಿಸಿದ್ದರು. 2025ರಲ್ಲಿ ಆ ಸಂಖ್ಯೆ 70 ಲಕ್ಷವನ್ನೂ ಮುಟ್ಟಲಿಲ್ಲ. ಆದರೂ 2025ರಿಂದ 2031ರವರೆಗಿನ ಪ್ರಸಾರ ಹಕ್ಕುಗಳು ಸುಮಾರು 770 ಕೋಟಿ ಡಾಲರ್‌ಗೆ ಮಾರಾಟವಾದವು.

ಹುಟ್ಟು ಮತ್ತು ಏಳಿಗೆ

ಮಾರಾಟಗಾರರ ದಾಸ್ತಾನಿನಲ್ಲಿರುವ ಸಾಮಾನ್ಯ ಕಾರು ಎಂಬುದೇ 'ಸ್ಟಾಕ್ ಕಾರ್' ಪದದ ಮೂಲಾರ್ಥ. ದಕ್ಷಿಣದ ರಾಜ್ಯಗಳಲ್ಲಿ ಕಳ್ಳಬಟ್ಟಿ ಸಾಗಿಸುತ್ತ ಪೊಲೀಸರ ಕಣ್ಣು ತಪ್ಪಿಸಲು ಕಾರುಗಳ ವೇಗ ಹೆಚ್ಚಿಸಿಕೊಂಡಿದ್ದ ಚಾಲಕರೂ ಆರಂಭದ ಸ್ಪರ್ಧಿಗಳಲ್ಲಿದ್ದರು. ಈ ಸ್ಪರ್ಧೆಗಳಿಗೆ ನಿಯಮಗಳ ಚೌಕಟ್ಟು ನೀಡಲು ಬಿಲ್ ಫ್ರಾನ್ಸ್ 1948ರಲ್ಲಿ ನಾಸ್ಕಾರ್ ಸಂಸ್ಥೆಯನ್ನು ಸ್ಥಾಪಿಸಿದರು. ಇಂದಿಗೂ ಅದು ಫ್ರಾನ್ಸ್ ಕುಟುಂಬದ ಹಿಡಿತದಲ್ಲಿಯೇ ಇದೆ.

1971ರಲ್ಲಿ ವಿನ್‌ಸ್ಟನ್ ಸಿಗರೇಟಿನ ಪ್ರಾಯೋಜಕತ್ವ ದೊರೆಯಿತು. 1979ರಲ್ಲಿ ಡೇಟೋನಾ 500 ಮೊದಲ ಬಾರಿಗೆ ಆದ್ಯಂತ ನೇರ ಪ್ರಸಾರವಾದಾಗ, ಹಿಮಪಾತದಿಂದ ಮನೆಯಲ್ಲೇ ಉಳಿದಿದ್ದ ಜನ ಕೊನೆಯ ಸುತ್ತಿನ ಅಪಘಾತವನ್ನೂ ನಂತರ ಚಾಲಕರ ನಡುವೆ ನಡೆದ ಹೊಡೆದಾಟವನ್ನೂ ಕಂಡರು. 2001ರಲ್ಲಿ ಆರು ವರ್ಷಗಳ 240 ಕೋಟಿ ಡಾಲರ್ ಪ್ರಸಾರ ಒಪ್ಪಂದ ಜಾರಿಗೆ ಬಂದಿತು.

ಇಳಿಕೆಗೆ ಕಾರಣಗಳು

ಅದೇ 2001ರ ಫೆಬ್ರವರಿಯಲ್ಲಿ, ಡೇಟೋನಾದ ಕೊನೆಯ ಸುತ್ತಿನಲ್ಲಿ ಡೇಲ್ ಅರ್ನ್‌ಹಾರ್ಟ್ ಮೃತಪಟ್ಟರು. 2004ರಲ್ಲಿ ಪ್ರಶಸ್ತಿ ನಿರ್ಧರಿಸುವ ವಿಧಾನ ಬದಲಾಯಿತು. ಉತ್ತರ ಕೆರೊಲಿನಾದ ಹಳೆಯ ರಾಕಿಂಗ್‌ಹ್ಯಾಮ್ ಟ್ರ್ಯಾಕ್ ವೇಳಾಪಟ್ಟಿಯಿಂದ ಹೊರಬಿದ್ದಿತು. ಪದೇ ಪದೇ ಬದಲಾದ ನಿಯಮಗಳು ಹಳೆಯ ಅಭಿಮಾನಿಗಳಿಗೆ ಹಿಡಿಸಲಿಲ್ಲ. ದೂರದೂರುಗಳಿಂದ ವಾಹನಗಳಲ್ಲಿ ಬಂದು ಬಿಡಾರ ಹೂಡುತ್ತಿದ್ದ ಕುಟುಂಬಗಳಿಗೆ 2008ರ ಆರ್ಥಿಕ ಕುಸಿತ ಬಲವಾದ ಪೆಟ್ಟು ನೀಡಿತು. 2016ರಲ್ಲಿ ಪೂರ್ಣಗೊಂಡ 40 ಕೋಟಿ ಡಾಲರ್ ವೆಚ್ಚದ ನವೀಕರಣದ ನಂತರ ಡೇಟೋನಾದಲ್ಲಿ ಉಳಿದದ್ದು ಸುಮಾರು 1.01 ಲಕ್ಷ ಆಸನಗಳು. ಮೊದಲು ಇದ್ದದ್ದು ಸುಮಾರು 1.46 ಲಕ್ಷ.

ತಂಡಗಳ ಸಂಕಷ್ಟ

2024ರವರೆಗೆ ಪ್ರಸಾರ ಆದಾಯದಲ್ಲಿ ಶೇ 65ರಷ್ಟು ಟ್ರ್ಯಾಕ್‌ಗಳಿಗೆ, ಶೇ 25ರಷ್ಟು ತಂಡಗಳಿಗೆ, ಶೇ 10ರಷ್ಟು ನಾಸ್ಕಾರ್‌ಗೆ ಸಂದಾಯವಾಗುತ್ತಿತ್ತು. ಅನೇಕ ಟ್ರ್ಯಾಕ್‌ಗಳೂ ಫ್ರಾನ್ಸ್ ಕುಟುಂಬಕ್ಕೇ ಸೇರಿದ್ದವು ಎಂಬುದು ಗಮನಾರ್ಹ. ತಂಡಗಳು ಪ್ರಾಯೋಜಕರನ್ನೇ ನೆಚ್ಚಿಕೊಳ್ಳಬೇಕಾಗಿತ್ತು. ವೀಕ್ಷಕರು ಕಡಿಮೆಯಾದಂತೆ ಹೋಂ ಡಿಪೊ, ಟಾರ್ಗೆಟ್, ಲೋಸ್‌ನಂತಹ ದೊಡ್ಡ ಕಂಪೆನಿಗಳು ಒಂದೊಂದಾಗಿ ಹಿಂದೆ ಸರಿದವು. 2017ರ ಚಾಂಪಿಯನ್ ಫರ್ನಿಚರ್ ರೋ ರೇಸಿಂಗ್ ತಂಡ ಮರುವರ್ಷವೇ ಬಾಗಿಲು ಮುಚ್ಚಿತು. ಗೆದ್ದವರಿಗೂ ಉಳಿವಿನ ಭರವಸೆ ಇರಲಿಲ್ಲ.

ತಂಡಗಳಿಗೆ ಸ್ಪರ್ಧಿಸುವ ಖಾತರಿ ನೀಡಲು 2016ರಲ್ಲಿ 36 'ಚಾರ್ಟರ್'ಗಳನ್ನು ಜಾರಿಗೆ ತರಲಾಯಿತು. ಆದರೆ ಅವು ಶಾಶ್ವತವಾಗಿರಲಿಲ್ಲ. ಬ್ಯಾಸ್ಕೆಟ್‌ಬಾಲ್ ದಿಗ್ಗಜ ಮೈಕಲ್ ಜೋರ್ಡನ್ ಸಹಮಾಲೀಕತ್ವದ 23ಎಕ್ಸ್‌ಐ ಹಾಗೂ ಫ್ರಂಟ್ ರೋ ತಂಡಗಳು 2024ರ ಅಕ್ಟೋಬರ್‌ನಲ್ಲಿ ನಾಸ್ಕಾರ್ ವಿರುದ್ಧ ಏಕಸ್ವಾಮ್ಯದ ದಾವೆ ಹೂಡಿದವು. 2025ರ ಡಿಸೆಂಬರ್‌ನಲ್ಲಿ ವಿಚಾರಣೆಯ ನಡುವೆಯೇ ರಾಜಿಯಾಗಿ, ಚಾರ್ಟರ್‌ಗಳನ್ನು ಶಾಶ್ವತಗೊಳಿಸಲು ಸಂಸ್ಥೆ ಒಪ್ಪಿತು.

ಮುಂದಿನ ಹಾದಿ

ಪ್ರಸಾರ ಕಂಪೆನಿಗಳು ಹಣ ಸುರಿಯಲು ಕಾರಣವಿದೆ. ಕೇಬಲ್ ಟಿವಿ ಚಂದಾದಾರರು ಕಡಿಮೆಯಾಗುತ್ತಿರುವಾಗ, ನಿಗದಿತ ಸಮಯಕ್ಕೆ ವೀಕ್ಷಕರನ್ನು ಸೆಳೆಯುವ ಶಕ್ತಿ ಉಳಿದಿರುವುದು ಹೆಚ್ಚಾಗಿ ನೇರ ಕ್ರೀಡೆಗೆ. 2025ರಿಂದ ಅಮೆಜಾನ್ ಕೂಡ ಪಾಲುದಾರನಾಗಿದೆ. ಹೀಗಾಗಿ 2031ರವರೆಗೆ ಹಣದ ಹರಿವು ಖಚಿತ. ಆದರೆ ಖಾಲಿ ಆಸನಗಳನ್ನು ಒಪ್ಪಂದಗಳು ತುಂಬಲಾರವು. ಹೊಸ ತಲೆಮಾರಿನ ಪ್ರೇಕ್ಷಕರನ್ನು ಅಷ್ಟರೊಳಗೆ ಗಳಿಸದಿದ್ದರೆ ಮುಂದಿನ ಚೌಕಾಸಿಯಲ್ಲಿ ಈ ಕ್ರೀಡೆಯ ಕೈ ಬಲವಾಗಿರಲಾರದು.